ಫಾರಂನ ನಾಲ್ಕನೇ ಕಲಂ

ಜಯದೇವಪ್ಪ ಕೆಟ್ಟವನು ಅಂತ ಹೇಳುವ ಒಬ್ಬನೇ ಒಬ್ಬ ಮನುಷ್ಯ ಕಡೂರಿನಲ್ಲಿ ಸಿಕ್ಕುತ್ತಿರಲಿಲ್ಲ. ಬೇಕಾದರೆ ಸ್ಟೇಷನ್ ರೋಡಿನ ಈ ತುದಿಯಿಂದ ಆ ತುದಿಯವರೆಗೆ ವಿಚಾರಿಸಿಕೊಂಡು ಬರಬಹುದಿತ್ತು. ತೂಕದಲ್ಲಿ ಮೋಸ ಮಾಡಿದವನಲ್ಲ, ಹೆಂಡತಿ ಮೇಲೆ ಕೈ ಎತ್ತಿದವನಲ್ಲ, ದಾಸೋಹಕ್ಕೆ ಅಂತ ಮಠದಿಂದ ಬಂದವರನ್ನು ಬರಿಗೈಲಿ ಕಳಿಸಿದವನಲ್ಲ. ಇಂಥವನು ಜೀವನದಲ್ಲಿ ಒಂದು ತಪ್ಪು ಮಾಡಿದರೆ ಅದನ್ನು ಎಲ್ಲಿಡಬೇಕು ಅಂತಲೇ ಗೊತ್ತಾಗುವುದಿಲ್ಲ ನೋಡಿ. ಪಳಗಿದ ಕಳ್ಳನಾದರೆ ನುಂಗಿ ನೀರು ಕುಡಿಯುತ್ತಾನೆ. ಜಯದೇವಪ್ಪನಿಗೆ ಅದು ಏಳು ವರ್ಷ ಅರಗದ ಮುದ್ದೆಯ ಹಾಗೆ ಹೊಟ್ಟೆಯಲ್ಲಿ ಕೂತಿತ್ತು.

ಊರು ಅವನದು ಚೌಳಹಿರಿಯೂರು. ಎಂಟನೇ ಕ್ಲಾಸಿನವರೆಗೆ ಓದು, ಮುತ್ತಿನಂಥ ಅಕ್ಷರ, ಮನೆಯ ಅಟ್ಟದ ತುಂಬ ತೆಂಗಿನಕಾಯಿ. ನಮ್ಮ ಕಡೆ ಕಾಯನ್ನು ಸುಲಿಯದೆ ಅಟ್ಟಕ್ಕೆ ಹಾಕಿ ಹತ್ತು ತಿಂಗಳು, ವರ್ಷ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ, ಅದಕ್ಕೆ ಗಿಟುಕು ಅನ್ನುತ್ತಾರೆ. ಆದರೆ ಆಗಿದೆಯೋ ಇಲ್ಲವೋ ಅಂತ ಒಡೆಯದೆ ತಿಳಿಯಬೇಕಲ್ಲ? ಅದಕ್ಕೆ ಕಣ್ಣು ಸಾಲದು, ಕಿವಿ ಬೇಕು. ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗಿನ ಗಿಟುಕು ಕೊಡುವ ಸದ್ದಿನಲ್ಲಿ ಅದರ ಜಾತಕವೆಲ್ಲ ಗೊತ್ತಾಗುವ ಕಿವಿ. ಅಂಥ ಕಿವಿ ಇದ್ದವನು ಕಡೂರು ಪೇಟೆಯ ವಜೀರ್ ಸಾಬ್.

ಐವತ್ತಾರನೇ ಇಸವಿಯಲ್ಲಿ ವಜೀರ್ ಸಾಬ್ ತನ್ನಪ್ಪನ ಎತ್ತಿನ ಗಾಡಿ ಹೊಡೆದುಕೊಂಡು ಚೌಳಹಿರಿಯೂರಿಗೆ ಬಂದ. ಅವನಿಗಿನ್ನೂ ಇಪ್ಪತ್ತೆರಡು, ಜಯದೇವಪ್ಪನಿಗೂ ಹೆಚ್ಚುಕಮ್ಮಿ ಅಷ್ಟೇ. ಅಟ್ಟ ಹತ್ತಿ ನಾಲ್ಕು ಕಾಯಿ ಅಲ್ಲಾಡಿಸಿ ಇಳಿದು ಬಂದವನು ಜಯದೇವಪ್ಪನ ಅಪ್ಪನಿಗೆ, “ಯಜಮಾನ್ರೇ, ಇನ್ನೂ ಆಗಿಲ್ಲ. ಈಗ ಕೊಟ್ರೆ ನಿಮಗೇ ಲುಕ್ಸಾನು. ಯುಗಾದಿ ಕಳೀಲಿ, ಬತ್ತೀನಿ” ಅಂದ. ಬೇರೆ ವ್ಯಾಪಾರಿಯಾಗಿದ್ದರೆ ಬಾಯಿ ಮುಚ್ಚಿಕೊಂಡು ಕಡಿಮೆ ರೇಟಿಗೆ ಗಾಡಿ ತುಂಬಿಕೊಂಡು ಹೋಗುತ್ತಿದ್ದ. ಜಯದೇವಪ್ಪನಿಗೆ ಈ ಮನುಷ್ಯ ಹಿಡಿಸಿಬಿಟ್ಟ. ಮರುವಾರವೇ ಅವನ ಗಾಡಿ ಹತ್ತಿದ. ಯಗಟಿ ಕಡೆ, ಅಜ್ಜಂಪುರದ ಕಡೆ, ಸಿಕ್ಕ ಸಿಕ್ಕ ಅಟ್ಟ ಹತ್ತಿ ಇಳಿದು ವ್ಯಾಪಾರ ಕಲಿತ. ಅಂದರೆ ಗುರು ವಜೀರ್ ಸಾಬ್, ಶಿಷ್ಯ ಜಯದೇವಪ್ಪ. ಇದನ್ನು ಸರಿಯಾಗಿ ತಿಳಿದುಕೊಂಡು ಮುಂದಕ್ಕೆ ಹೋಗೋಣ.

ಮೂರು ವರ್ಷಕ್ಕೆ ಕಡೂರಿನಲ್ಲಿ ಕೊಬ್ಬರಿ ಮಂಡಿ ಹಾಕಿದರು. ಇಬ್ಬರೂ ಒಟ್ಟಿಗೆ ತಕ್ಕಡಿ ಮೇಲೆ ಕೈಯಿಟ್ಟು ಅರ್ಧ ನಿಂದು ಅರ್ಧ ನಂದು ಅಂದರು, ಮುಗಿಯಿತು. ಪತ್ರ ಗಿತ್ರ ಯಾರಿಗೆ ಬೇಕಿತ್ತು? ಅಂಗಡಿ ಲೈಸೆನ್ಸ್ ಮಾತ್ರ ಜಯದೇವಪ್ಪನ ಹೆಸರಿನಲ್ಲಿ ಆಯಿತು, ಏಕೆಂದರೆ ವಜೀರ್ ಸಾಬನಿಗೆ ಕನ್ನಡ ಮಾತು ಸರಾಗ, ಓದು ಬರಹ ಉರ್ದುವಿನಲ್ಲಷ್ಟೇ. “ಆಫೀಸು ಕಾಗ್ದ ಎಲ್ಲ ನಿಂದೇ ಕಣೋ ಜೈದೇವಾ. ನಂಗೆ ಅಟ್ಟ ಸಾಕು” ಅಂದಿದ್ದ. ಹಾಗೆ ಇಪ್ಪತ್ತು ವರ್ಷ ಒಂದು ದಿನವೂ ಮುಖ ಕೆಡಿಸಿಕೊಳ್ಳದೆ ನಡೆಯಿತು. ಹಳ್ಳಿಯವರ ಬಾಯಲ್ಲಿ ಅದು ಜಯಣ್ಣ-ವಜೀರಣ್ಣನ ಮಂಡಿ. ಅವರಿಬ್ಬರೂ ಮಾತ್ರ ಒಬ್ಬರನ್ನೊಬ್ಬರು ‘ಲೇ’ ಬಿಟ್ಟು ಬೇರೆ ಥರ ಕರೆದುಕೊಂಡಿದ್ದೇ ಇಲ್ಲ.

ಎಪ್ಪತ್ತೊಂಬತ್ತರಲ್ಲಿ ಬಂತು ನೋಡಿ ಸಂಘ. ಕಡೂರು, ತರೀಕೆರೆ, ಅಜ್ಜಂಪುರ, ಮೂರೂ ಊರಿನ ಕೊಬ್ಬರಿ ವರ್ತಕರು ಸೇರಿ ಕಟ್ಟಿದ್ದು. ಆಫೀಸು ತರೀಕೆರೆಯಲ್ಲಿ, ಅಧ್ಯಕ್ಷರ ಅಂಗಡಿಯ ಮಹಡಿ ಮೇಲೆ. ಉತ್ತರದ ಕಡೆ ಕೊಬ್ಬರಿ ಕಳಿಸುವ ರೈಲ್ವೆ ವ್ಯಾಗನ್ನು ಇನ್ನು ಸಂಘದವರಿಗೇ ಅಂತ ಸುದ್ದಿ ಹಬ್ಬಿದ ಮೇಲೆ ಸದಸ್ಯರಾಗದೆ ವಿಧಿಯಿರಲಿಲ್ಲ. ಜಯದೇವಪ್ಪ ಯಥಾಪ್ರಕಾರ ಇವತ್ತು ನಾಳೆ ಅಂತ ತಳ್ಳಿ, ಕೊನೆಯ ದಿನ ಮಧ್ಯಾಹ್ನ ತರೀಕೆರೆ ಬಸ್ಸು ಹತ್ತಿದ. ವಜೀರ್ ಸಾಬ್ ಬುಕ್ಕಾಂಬುಧಿ ಕಡೆ ಕಾಯಿ ನೋಡಲು ಹೋಗಿ ಎರಡು ದಿನವಾಗಿತ್ತು.

ಸಂಘದ ಕಾರ್ಯದರ್ಶಿ ಓಂಕಾರಮೂರ್ತಿ. ಕಂದಾಯ ಇಲಾಖೆಯಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದ ಮನುಷ್ಯ. ಕಾಗದದಲ್ಲಿ ಇಲ್ಲದ್ದು ಲೋಕದಲ್ಲೂ ಇಲ್ಲ ಅನ್ನುವ ಪೈಕಿ. ಅವನು ಕೊಟ್ಟ ಫಾರಂನ ಮೊದಲ ಮೂರು ಕಲಂ ಜಯದೇವಪ್ಪ ಸಲೀಸಾಗಿ ತುಂಬಿದ. ನಾಲ್ಕನೆಯದಕ್ಕೆ ಬಂದು ನಿಂತ. ‘ಸಂಸ್ಥೆಯ ಸ್ವರೂಪ: ಏಕಮಾಲೀಕತ್ವ / ನೋಂದಾಯಿತ ಪಾಲುದಾರಿಕೆ / ಪ್ರೈವೇಟ್ ಲಿಮಿಟೆಡ್ ಕಂಪನಿ. ಅನ್ವಯಿಸದ್ದನ್ನು ಹೊಡೆದುಹಾಕುವುದು.’

“ಸ್ವಾಮಿ, ಇಲ್ಲೇನು ಬರೀಬೇಕು?”

“ನಿಮ್ದು ಎಂಥ ಸಂಸ್ಥೆ ಅಂತ.”

“ಕೊಬ್ಬರಿ ಮಂಡಿ.”

“ಅದು ವ್ಯಾಪಾರ ಕಣ್ರೀ. ನಾನು ಕೇಳ್ತಿರೋದು ಸ್ವರೂಪ. ನಮ್ಮ ಸಂಘಕ್ಕೆ ಸದಸ್ಯ ಆಗೋದು ಮನುಷ್ಯ ಅಲ್ಲ, ಸಂಸ್ಥೆ. ಸಂಸ್ಥೆಗೆ ಈ ಮೂರರಲ್ಲಿ ಒಂದು ರೂಪ ಇರ್ಲೇಬೇಕು.”

“ಪಾಲುದಾರಿಕೆ ಅಂದ್ರೆ ಪತ್ರ ಬೇಕಾ?”

“ಪತ್ರ ಆಗಿ, ಚಿಕ್ಕಮಗಳೂರಲ್ಲಿ ರಿಜಿಸ್ಟ್ರಿ ಆಗಿರ್ಬೇಕು. ಇದ್ರೆ ಲಗತ್ತಿಸಿ. ಇಲ್ದಿದ್ರೆ ಅದು ಪಾಲುದಾರಿಕೆ ಅಲ್ಲ, ಹೊಡೆದುಹಾಕಿ. ಮುಂದೆ ಸ್ವರೂಪ ಬದಲಾದ್ರೆ ತಿದ್ದುಪಡಿ ಫಾರಂ ಬೇರೆ ಐತೆ. ಐದು ಗಂಟೆಗೆ ಬೀಗ ಹಾಕ್ತೀನಿ.”

ನಾವು ಇಬ್ಬರು ಅಂತ ಆಗ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದರೆ ಫಾರಂ ವಾಪಸು, ವ್ಯಾಗನ್ನು ಇಲ್ಲ. ಬರೀ ಕಾಗದ ತಾನೆ, ಮುಂದಿನ ತಿಂಗಳು ಪತ್ರ ಮಾಡಿಸಿ ತಿದ್ದಿಸಿದರಾಯಿತು ಅಂದುಕೊಂಡು ಪಾಲುದಾರಿಕೆಯ ಮೇಲೆ ಗೀಟು ಎಳೆದ. ಕಂಪನಿಯ ಮೇಲೂ ಎಳೆದ. ಉಳಿದದ್ದು ಏಕಮಾಲೀಕತ್ವ, ಕೆಳಗೆ ಅವನೊಬ್ಬನ ಮುತ್ತಿನಂಥ ಸಹಿ.

ವಜೀರ್ ಸಾಬ್ ಊರಿಗೆ ಬಂದ ಮೇಲೆ, “ಸಂಘಕ್ಕೆ ಫಾರಂ ಹಾಕಿ ಬಂದೆ ಕಣೋ” ಅಂದ ಜಯದೇವಪ್ಪ. “ಒಳ್ಳೇದಾಯ್ತು ಬಿಡು” ಅಂದ ವಜೀರ್ ಸಾಬ್. ಮಾತು ಅಷ್ಟಕ್ಕೇ ಮುಗಿಯಿತು.

ತಿಂಗಳೊಪ್ಪತ್ತಿನಲ್ಲಿ ಸದಸ್ಯತ್ವದ ಸರ್ಟಿಫಿಕೇಟು ಬಂತು. ಗಟ್ಟಿ ಕಾಗದ, ಸುತ್ತ ಹಸಿರು ಬಳ್ಳಿ, ನಡುವೆ ದಪ್ಪಕ್ಷರದಲ್ಲಿ ‘ಶ್ರೀ ಜಯದೇವಪ್ಪ, ಮಾಲೀಕರು’. ಇಲ್ಲಿ ಒಂದು ವಿಷಯ ಮುಚ್ಚಿಡದೆ ಹೇಳಬೇಕು. ಅದನ್ನು ನೋಡಿ ಅವನಿಗೆ ಖುಷಿಯಾಯಿತು. ಮೋಸದ ಖುಷಿಯಲ್ಲ, ತನ್ನ ಹೆಸರು ಅಚ್ಚಾಗಿರುವುದನ್ನು ಮೊದಲ ಸಲ ನೋಡಿದವನ ಖುಷಿ. ಆದರೂ ಖುಷಿ ಖುಷಿಯೇ. ಫ್ರೇಮು ಹಾಕಿಸಿ ಗಲ್ಲಾದ ಹಿಂದೆ ತೂಗುಹಾಕಿದ. ಊಟದ ಬುತ್ತಿ ತಂದ ಹೆಂಡತಿ ತೀರ್ಥಮ್ಮ ಅದನ್ನು ಓದಿದಳು.

“ವಜೀರಣ್ಣನ ಹೆಸ್ರು ಎಲ್ಲೈತೆ?”

“ಅದು ಸಂಘದ ಕಾಗ್ದ ಕಣೇ. ಅದಕ್ಕೂ ನಮ್ಮ ವ್ಯಾಪಾರಕ್ಕೂ ಏನೂ ಸಂಬಂಧ ಇಲ್ಲ.”

“ಸಂಬಂಧ ಇಲ್ದಿದ್ರೆ ನಿಮ್ಮ ಹೆಸ್ರು ಯಾಕೈತೆ?” ಅಂತ ಕೇಳಿ ಬುತ್ತಿ ಇಟ್ಟು ಹೋದಳು. ಅವತ್ತು ಜಯದೇವಪ್ಪನಿಗೆ ಊಟ ಸೇರಲಿಲ್ಲ.

ಮುಂದಿನ ತಿಂಗಳು ಮುಂದಿನ ವರ್ಷವಾಯಿತು. ಚಿಕ್ಕಮಗಳೂರಿಗೆ ಎಷ್ಟು ಸಲ ಹೋಗಲಿಲ್ಲ ಅವನು? ಹೆಂಡತಿಯ ಕನ್ನಡಕಕ್ಕೆ ಹೋದ, ಮಗಳ ಕಾಲೇಜಿಗೆ ಹೋದ, ಷಡ್ಡಕನ ಮನೆಯ ಗೃಹಪ್ರವೇಶಕ್ಕೆ ಹೋಗಿ ಎರಡು ದಿನ ಇದ್ದ. ರಿಜಿಸ್ಟ್ರಿ ಆಫೀಸಿನ ಮುಂದೆ ಹಾದುಹೋಗುವಾಗ ಆ ಕಡೆ ಮುಖ ತಿರುಗಿಸುತ್ತಿದ್ದ. ಪತ್ರಕ್ಕೆ ವಜೀರ್ ಸಾಬನ ಸಹಿ ಬೇಕು. ಸಹಿ ಕೇಳಿದರೆ ಇಷ್ಟು ದಿನ ಏನಿತ್ತು ಅಂತ ಅವನು ಕೇಳುತ್ತಾನೆ. ಹೇಳುವುದೇನು? ಸಣ್ಣ ಮಾತಾಗಿದ್ದಾಗ ಹೇಳದೆ ಬಿಟ್ಟದ್ದು ದಿನ ಕಳೆದಂತೆ ಬಾಯಿ ಹಿಡಿಯದಷ್ಟು ದೊಡ್ಡದಾಯಿತು.

ಎಂಬತ್ತೊಂದರಲ್ಲಿ ಸಂಘ ಹರಾಜಿನ ಕಟ್ಟೆ ಕಟ್ಟಿಸಿ ಸುತ್ತ ಹಗ್ಗ ಎಳೆಯಿತು. ಒಳಗೆ ಹೋಗಲು ಕಾರ್ಡು ಬೇಕು: ಸಂಸ್ಥೆಗೊಂದು ಮಾಲೀಕರ ಕಾರ್ಡು, ಎರಡು ನೌಕರರ ಕಾರ್ಡು. ವಜೀರ್ ಸಾಬ್ ಕಾಯಿ ಅಲ್ಲಾಡಿಸದೆ ಹರಾಜು ಕೂಗುವುದು ಹೇಗೆ? ಜಯದೇವಪ್ಪ ನೌಕರರ ಪಟ್ಟಿಯಲ್ಲಿ ಅವನ ಹೆಸರು ಬರೆದುಕೊಟ್ಟ. ಹಳದಿ ಕಾರ್ಡು ಬಂತು. “ಏನ್ ಬರ್ದವ್ರೆ ಇದ್ರಾಗೆ?” ಅಂತ ವಜೀರ್ ಸಾಬ್ ಕೇಳಿದ. “ಒಳಗೆ ಬಿಡೋ ಚೀಟಿ ಕಣೋ, ನಿನ್ನ ಹೆಸ್ರೈತೆ” ಅಂದ ಜಯದೇವಪ್ಪ. ಅದೇನು ಸುಳ್ಳಲ್ಲ. ವಜೀರ್ ಸಾಬ್ ಅದನ್ನು ಅಂಗಿಯ ಜೇಬಿಗೆ ಪಿನ್ನು ಹಾಕಿ ಸಿಕ್ಕಿಸಿಕೊಂಡ. ಕಟ್ಟೆಯ ಮೇಲೆ ಅವನ ಹಳದಿ ಕಾರ್ಡು ಕಂಡಾಗಲೆಲ್ಲ ಜಯದೇವಪ್ಪ ಬೇರೆ ಕಡೆ ನೋಡುತ್ತಿದ್ದ.

ಪಾಪಪ್ರಜ್ಞೆ ಅನ್ನುವುದು ಮನುಷ್ಯನನ್ನು ವಿಪರೀತ ಒಳ್ಳೆಯವನನ್ನಾಗಿ ಮಾಡುತ್ತದೆ. ವಜೀರ್ ಸಾಬನ ಮನೆಗೆ ಹೋಳಿಗೆ, ಹೊಸ ರಾಗಿ, ಹಿತ್ತಿಲ ತರಕಾರಿ, ಹಬ್ಬ ಇರಲಿ ಬಿಡಲಿ ಹೋಗುತ್ತಲೇ ಇತ್ತು. ಅವನ ಮಗಳನ್ನು ಅಜ್ಜಂಪುರಕ್ಕೆ ಕೊಟ್ಟಾಗ ಮೂರು ದಿನ ಚಪ್ಪರದ ಕೆಳಗೆ ನಿಂತು ಓಡಾಡಿದವನು ಜಯದೇವಪ್ಪ. ವಜೀರ್ ಸಾಬನ ಹೆಂಡತಿ ಬದ್ರುನ್ನೀಸಾ, “ಭಾಯಿಗೆ ವಯಸ್ಸಾದಂಗೆ ನಮ್ಮ ಮೇಲೆ ಪ್ರೀತಿ ಜಾಸ್ತಿ ಆಗ್ತಾ ಐತೆ” ಅಂದಳಂತೆ. ಕೇಳಿ ಅವನಿಗೆ ನಾಚಿಕೆಯಿಂದ ಸತ್ತ ಹಾಗಾಯಿತು.

ಎಂಬತ್ತಾರರ ಬೇಸಗೆಯಲ್ಲಿ ಒಂದು ಮಧ್ಯಾಹ್ನ ವಜೀರ್ ಸಾಬ್ ತರೀಕೆರೆಯಿಂದ ನಗುನಗುತ್ತಾ ಮಂಡಿಗೆ ಬಂದ. ಗಲ್ಲಾದ ಮಗ್ಗುಲಿಗೆ ಮಾಮೂಲಿನಂತೆ ಕಾಲು ಮಡಚಿ ಕೂತ.

“ಲೇ ಜೈದೇವಾ, ಕಾರ್ಯದರ್ಶಿ ಸಿಕ್ಕಿದ್ರು. ವಾರ್ಷಿಕ ಸಭೆಲಿ ನಂಗೆ ಸನ್ಮಾನ ಅಂತೆ. ಈ ಕಸುಬಲ್ಲಿ ಮೂವತ್ತು ವರ್ಷ ಆಯ್ತಲ್ಲ, ಅದಕ್ಕೆ. ಜೈದೇವಪ್ಪಂಗೂ ಮಾಡಿ ಅಂದೆ. ಇಲ್ಲ, ನಿಮಗೊಬ್ರಿಗೇ ಅಂದ್ರು.” ಅವನ ಮುಖ ಸ್ವಲ್ಪ ಸಣ್ಣದಾಯಿತು. “ನಿಂಗೆ ಬೇಜಾರಿಲ್ಲ ತಾನೆ? ನಾನೊಬ್ನೇ ಹಾರ ಹಾಕಿಸ್ಕಳೋದು ಸರಿ ಕಾಣಲ್ಲ ಕಣೋ.”

“ನಂಗ್ಯಾಕೆ ಬೇಜಾರು” ಅಂದ ಜಯದೇವಪ್ಪ. ಎದುರಿಗಿದ್ದ ಟಪಾಲಿನಲ್ಲಿ ಸಂಘದ ಕಾಗದ ಆಗಲೇ ಬಂದು ಬಿದ್ದಿತ್ತು. ಅವನು ಬೆಳಿಗ್ಗೆಯೇ ಓದಿದ್ದ. ‘ಸದಸ್ಯ ಸಂಸ್ಥೆಗಳಲ್ಲಿ ದೀರ್ಘಕಾಲ ನಿಷ್ಠೆಯಿಂದ ದುಡಿದ ಹಿರಿಯ ನೌಕರರಿಗೆ ಸನ್ಮಾನ. ಈ ಸಾಲಿಗೆ ತಮ್ಮ ನೌಕರ ವಜೀರ್ ಸಾಬ್ ಆಯ್ಕೆಯಾಗಿದ್ದಾರೆ. ಮಾಲೀಕರಾದ ತಾವೇ ಶಾಲು ಹೊದಿಸತಕ್ಕದ್ದು.’

ಮಾರನೇ ದಿನವೇ ತರೀಕೆರೆಗೆ ಓಡಿದ. ಓಂಕಾರಮೂರ್ತಿಯ ಮುಂದೆ ಬೆವರೊರೆಸಿಕೊಂಡು ಕೂತು, ನೌಕರ ಅನ್ನುವ ಮಾತು ಬಿಟ್ಟು ಹಿರಿಯ ವರ್ತಕ ಅಂತ ಕೂಗಿಸಲು ಆಗುತ್ತದೆಯೇ ಅಂತ ಕೇಳಿದ.

“ಠರಾವು ಆಗಿರೋದು ನೌಕರರಿಗೆ. ಅವರೇನು ವರ್ತಕರೇ?”

“ಹಂಗೇ ಅನ್ಕೊಳ್ಳಿ. ಅವರೂ ಒಬ್ಬ ಪಾಲುದಾರ ಅಂತಾಗಿದ್ರೆ?”

ಓಂಕಾರಮೂರ್ತಿ ಕನ್ನಡಕ ತೆಗೆದ. “ಆಗಿದ್ರೆ ನೀವು ಎಪ್ಪತ್ತೊಂಬತ್ತರಲ್ಲಿ ಕೊಟ್ಟಿದ್ದು ಸುಳ್ಳು ಫಾರಂ. ಸದಸ್ಯತ್ವ ಅಮಾನತು, ವ್ಯಾಗನ್ ಬಂದ್. ಹಂಗೇನಾದ್ರೂ ಐತಾ?”

ಆ ವಾರ ಮುನ್ನೂರು ಚೀಲ ಕೊಬ್ಬರಿ ವ್ಯಾಗನ್ನಿಗೆ ಕಾಯುತ್ತಾ ಬಿದ್ದಿತ್ತು. “ಇಲ್ಲ ಇಲ್ಲ, ಸುಮ್ನೆ ಕೇಳ್ದೆ” ಅಂತ ಎದ್ದುಬಂದ. ಹೇಡಿ ಅಂತ ತನ್ನನ್ನು ತಾನೇ ಬೈದುಕೊಳ್ಳುತ್ತಾ ಮೆಟ್ಟಿಲಿಳಿದ. ಬೈದುಕೊಂಡರೆ ಏನು ಬಂತು.

ಸಂಘಕ್ಕೆ ಹೇಳಲಾಗದಿದ್ದರೆ ಬೇಡ, ವಜೀರನಿಗಾದರೂ ಹೇಳಿಬಿಡೋಣ, ಅವನೇ ಹೋಗುವುದು ಬೇಡ ಅನ್ನಲಿ ಅಂತ ಅವನ ಮನೆಗೆ ಹೋದ. ಅಲ್ಲಿ ಟ್ರಂಕು ತೆರೆದಿತ್ತು. ಮಗಳ ಮದುವೆಗೆ ಹೊಲಿಸಿದ ಶೆರ್ವಾನಿಯನ್ನು ಬದ್ರುನ್ನೀಸಾ ಬಿಸಿಲಿಗೆ ಹರವಿ, ಗುಂಡಿ ಒಂದೊಂದೇ ಉಜ್ಜುತ್ತಿದ್ದಳು. “ಭಾಯಿ, ನಾನೂ ಬತ್ತೀನಿ. ಅಜ್ಜಂಪುರದ ಬೀಗ್ರಿಗೂ ಹೇಳಿ ಕಳ್ಸೀವಿ. ನಮ್ಮನೇರಿಗೆ ಸಭೇಲಿ ಮರ್ಯಾದೆ ಮಾಡೋದು ನಾನು ಯಾವತ್ತು ನೋಡ್ಲಿ?” ಅಂದಳು. ಜಯದೇವಪ್ಪ ಚಹಾ ಕುಡಿದ. ಮಳೆ ಈ ಸಲ ಹೇಗೋ ಏನೋ ಅಂತ ಮಾತಾಡಿ ಎದ್ದುಬಂದ.

ಸಭೆಯ ದಿನ ಬಸ್ಸಿನಲ್ಲಿ ಬದ್ರುನ್ನೀಸಾ ಹೆಂಗಸರ ಸೀಟಿಗೆ ಹೋದಳು, ಇವರಿಬ್ಬರೂ ಒಂದೇ ಸೀಟಿನಲ್ಲಿ ಕೂತರು. ಬೀರೂರಿನಲ್ಲಿ ಬಸ್ಸು ನಿಂತಾಗ ಜಯದೇವಪ್ಪ ಕೊನೆಯ ಸಲ ಧೈರ್ಯ ತಂದುಕೊಂಡು, “ವಜೀರೂ, ನಿಂಗೊಂದು ಮಾತು ಹೇಳ್ಬೇಕಿತ್ತು” ಅಂದ. ವಜೀರ್ ಸಾಬ್ ಅವನ ತೊಡೆ ತಟ್ಟಿ, “ಗೊತ್ತು ಕಣೋ. ನಿನ್ನ ಬಿಟ್ಟವ್ರೆ ಅಂತ ನಂಗೂ ಹೊಟ್ಟೆ ಉರೀತಾ ಐತೆ. ಮೈಕು ಕೊಡ್ತಾರಲ್ಲ, ಆಗ ನಿನ್ನ ಕರ್ದು ಪಕ್ಕದಲ್ಲಿ ನಿಲ್ಲಿಸ್ಕೊತೀನಿ” ಅಂದ. ಬಸ್ಸು ಹೊರಟಿತು.

ತರೀಕೆರೆಯ ಛತ್ರದಲ್ಲಿ ನೂರೈವತ್ತು ಜನ. ಹೆಂಗಸರ ಕಡೆ ಬದ್ರುನ್ನೀಸಾ, ಮುಂದಿನ ಸಾಲಿನಲ್ಲಿ ಅಜ್ಜಂಪುರದ ಬೀಗರು. ವಜೀರ್ ಸಾಬನನ್ನು ವೇದಿಕೆಯ ಕುರ್ಚಿಯಲ್ಲಿ ಕೂರಿಸಿ ಪೇಟ ತೊಡಿಸಿದರು. ಓಂಕಾರಮೂರ್ತಿ ಮೈಕಿನ ಮುಂದೆ ಕಾಗದ ಬಿಚ್ಚಿ, ಅಂಕಿ-ಅಂಶ ಓದುವವನ ಹಾಗೆ ಓದಿದ.

“ಮೂವತ್ತು ವರ್ಷಗಳಿಂದ ಈ ಕಸುಬಿನಲ್ಲಿದ್ದು, ಕಡೂರಿನ ಶ್ರೀ ಜಯದೇವಪ್ಪನವರ ಮಂಡಿಯಲ್ಲಿ ನೌಕರರಾಗಿ, ತಮ್ಮ ಮಾಲೀಕರಿಗೆ ವಿಧೇಯರಾಗಿ ಸೇವೆ ಸಲ್ಲಿಸುತ್ತಿರುವ ಶ್ರೀ ವಜೀರ್ ಸಾಬ್ ಅವರಿಗೆ, ಈಗ ಅವರ ಮಾಲೀಕರೇ ಬಂದು ಶಾಲು ಹೊದಿಸಬೇಕಾಗಿ ಕೋರಿಕೆ.”

ಆ ಕಿವಿಗೆ ಏನೂ ತಪ್ಪುವುದಿಲ್ಲವಲ್ಲ. ವಜೀರ್ ಸಾಬ್ ತಲೆಯೆತ್ತಿ ಜಯದೇವಪ್ಪನನ್ನು ನೋಡಿದ. ಸಿಟ್ಟೇನಿರಲಿಲ್ಲ; ಎಲ್ಲೋ ಏನೋ ತಪ್ಪಾಗಿದೆ, ಇವನು ಈಗ ಸರಿಮಾಡುತ್ತಾನೆ ಅಂತ ಕಾಯುವ ನೋಟ ಅದು. ಜಯದೇವಪ್ಪ ವೇದಿಕೆ ಹತ್ತಿದ. ಮೈಕು ಒಂದು ಮಾರು ದೂರದಲ್ಲಿತ್ತು. ಅಧ್ಯಕ್ಷರು ಶಾಲು ಕೈಗೆ ಕೊಟ್ಟರು. ಅವನ ಕಾಲು ಮೈಕಿನ ಕಡೆ ಹೋಗಲಿಲ್ಲ. ಶಾಲನ್ನು ಬಿಡಿಸಿ, ತನಗೆ ಕಸುಬು ಕಲಿಸಿದವನ ಹೆಗಲಿಗೆ ಹೊದಿಸಿದ. ಜನ ಚಪ್ಪಾಳೆ ತಟ್ಟಿದರು.

ಎರಡು ಮಾತಾಡಿ ಅಂತ ವಜೀರ್ ಸಾಬನಿಗೆ ಮೈಕು ಕೊಟ್ಟರು. ಅವನು ಎದ್ದು ನಿಂತು ಸ್ವಲ್ಪ ಹೊತ್ತು ಹೆಂಗಸರ ಕಡೆ ನೋಡಿದ. ಬೀಗರ ಕಡೆ ನೋಡಲಿಲ್ಲ.

“ನಂಗೆ ಭಾಷ್ಣ ಬರಲ್ಲ. ನಮ್ಮ ಧಣಿ ಜಯದೇವಪ್ಪೋರು ನನ್ನ ಚೆನ್ನಾಗಿ ನೋಡ್ಕಂಡವ್ರೆ. ದೇವ್ರು ಅವರ್ನ ಚೆನ್ನಾಗಿಟ್ಟಿರ್ಲಿ.”

ಇಷ್ಟೇ ಅಂದಿದ್ದು. ಒಂದೇ ಒಂದು ಮಾತಿನಿಂದ ಜಯದೇವಪ್ಪನ ಮಾನ, ವ್ಯಾಗನ್ನು, ಸದಸ್ಯತ್ವ ಎಲ್ಲವನ್ನೂ ಅವನು ಆ ನೂರೈವತ್ತು ಜನದ ಮುಂದೆ ಉಳಿಸಿಕೊಟ್ಟ. ಉಗಿದಿದ್ದರೆ ಚೆನ್ನಾಗಿರುತ್ತಿತ್ತು ಅಂತ ಜಯದೇವಪ್ಪನಿಗೆ ಅನ್ನಿಸಿತು. ವಾಪಸು ಬರುವಾಗ ಬಸ್ಸಿನಲ್ಲಿ ಜಯದೇವಪ್ಪನ ಪಕ್ಕದ ಸೀಟು ಖಾಲಿ ಇತ್ತು. “ಕೂತ್ಕೊಳ್ಳೋ” ಅಂದ. “ಇರ್ಲಿ ಧಣಿ, ನೀವು ಆರಾಮಾಗಿ ಕೂತ್ಕಳಿ” ಅಂದು ವಜೀರ್ ಸಾಬ್ ಕಡೂರಿನವರೆಗೆ ಕಂಬಿ ಹಿಡಿದು ನಿಂತ.

ಮಾರನೇ ಬೆಳಿಗ್ಗೆ ಎಂಟಕ್ಕೆ ಮಂಡಿ ಬಾಗಿಲಿಗೆ ಬಂದ ವಜೀರ್ ಸಾಬ್ ಒಳಗೆ ಬಂದು ಕೂರಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು ಹೊಸ್ತಿಲಾಚೆ ನಿಂತು, ಇವತ್ತು ಯಾವೂರಿಗೆ ಹೋಗಬೇಕು ಅಂತ ಕೇಳಿದ. ಜಯದೇವಪ್ಪ ಗಲ್ಲಾ ಬಿಟ್ಟು ಎದ್ದುಬಂದು ಅವನ ಕೈ ಹಿಡಿದುಕೊಂಡ. ಕಣ್ಣಲ್ಲಿ ನೀರು ಹಾಕಿಕೊಂಡು, ಕೊನೆಯ ದಿನ, ಐದು ಗಂಟೆ, ನಾಲ್ಕನೇ ಕಲಂ, ಹಳದಿ ಕಾರ್ಡು, ಎಲ್ಲ ಹೇಳಿದ. ತಪ್ಪಾಯಿತು ಅಂದ. ವಜೀರ್ ಸಾಬ್ ಕೈ ಬಿಡಿಸಿಕೊಳ್ಳದೆ ಪೂರ್ತಿ ಕೇಳಿದ.

“ಅವತ್ತು ಸಂಜೆನೇ ಹೇಳಿದ್ರೆ ನಗಾಡಿಬಿಡ್ತಿದ್ದೆ” ಅಂದ. “ಹೋಗ್ಲಿ ಬಿಡಿ.”

ಆ ‘ಬಿಡಿ’ ಜಯದೇವಪ್ಪನಿಗೆ ಹೊಡೆತಕ್ಕಿಂತ ಜಾಸ್ತಿ ಬಿತ್ತು. ಅವತ್ತೇ ತರೀಕೆರೆಗೆ ಹೋಗಿ, ತಾನು ಕೊಟ್ಟದ್ದು ಸುಳ್ಳು ಫಾರಂ ಅಂತ ಓಂಕಾರಮೂರ್ತಿಗೆ ಬರೆದುಕೊಟ್ಟ. ಸದಸ್ಯತ್ವ ಅಮಾನತಾಯಿತು, ಒಂದು ಸುಗ್ಗಿ ಪೂರ್ತಿ ವ್ಯಾಗನ್ನು ಸಿಗಲಿಲ್ಲ, ಕೊಬ್ಬರಿ ಗೋಡೌನಿನಲ್ಲೇ ಮುಗ್ಗಿತು. ಹರಾಜಿನ ಕಟ್ಟೆಯ ಹಗ್ಗದಾಚೆ ನಿಂತಿದ್ದ ಅವನನ್ನು ನೋಡಿ ಜನ ಗುಸುಗುಸು ಮಾತಾಡಿಕೊಂಡರು. ಇದಾದರೂ ತನ್ನ ಭಾರ ಇಳಿಸೀತು ಅಂತ ಅವನು ಕಾದ. ಇಳಿಯಲಿಲ್ಲ.

ಗೋಡೆಯ ಸರ್ಟಿಫಿಕೇಟು ಇಳಿಸಿ ಒಳಗಿಟ್ಟ. ಚಿಕ್ಕಮಗಳೂರಿನಲ್ಲಿ ಪತ್ರ ಬರೆಸಿದ. ಮೊದಲ ಪಾಲುದಾರ ವಜೀರ್ ಸಾಬ್, ಎರಡನೆಯವನು ಜಯದೇವಪ್ಪ, ಇಬ್ಬರಿಗೂ ಸರಿಪಾಲು. ತನ್ನ ಹೆಸರು ಕೆಳಗಿರಲಿ ಅಂತ ಅವನೇ ಹೇಳಿ ಬರೆಸಿದ್ದು. ತಿದ್ದುಪಡಿ ಫಾರಂ ಕೂಡ ತಂದ. ಮಂಡಿಯಲ್ಲಿ ಎರಡನ್ನೂ ವಜೀರ್ ಸಾಬನ ಮುಂದೆ ಹರವಿ, ಒಂದೊಂದು ಸಾಲೂ ಓದಿ ಹೇಳಿದ. ನಾಲ್ಕನೇ ಕಲಮಿನಲ್ಲಿ ಈ ಸಲ ಏನು ಉಳಿದಿದೆ ಅಂತ ಬೆರಳಿಟ್ಟು ತೋರಿಸಿದ.

“ಓದೋದೇನು ಬೇಡ” ಅಂದ ವಜೀರ್ ಸಾಬ್. “ಎಲ್ಲಿ ಹಾಕ್ಬೇಕು ಹೇಳಿ.”

ತೋರಿಸಿದ ಕಡೆಯೆಲ್ಲ ಬಲದಿಂದ ಎಡಕ್ಕೆ ನಿಧಾನವಾಗಿ ಸಹಿ ಹಾಕಿದ. ಪೆನ್ನಿಗೆ ಮುಚ್ಚಳ ಹಾಕಿ, ಎರಡೂ ಕೈಯಲ್ಲಿ ಜಯದೇವಪ್ಪನಿಗೆ ವಾಪಸು ಕೊಟ್ಟ.

“ಇನ್ನೇನಾದ್ರೂ ಕೆಲ್ಸ ಐತಾ ಧಣಿ?” ಅಂತ ಕೇಳಿದ.